ಕೈಗಾದಿಂದ ನ್ಯೂಟ್ರಿನೋ ಬರ್ತಿದೆಯಂತೆ, ಹೌದಾ?

ಕಾಳಿದಂಡೆ (ಕದ್ರಾ)
ನಿನ್ನೆ ರಾತ್ರಿ ನಮ್ಮ ಊರಿನ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ಕೈಗಾ ಅಣು ವಿದ್ಯುತ್ ಸ್ಥಾವರದಿಂದ ‘ನ್ಯೂಟ್ರಿನೋ’ ಅನ್ನೋ ಕಣ ಹೊರಗೆ ಬರುತ್ತದಂತೆ. ಗೋಡೆ, ಗುಡ್ಡ, ಕಬ್ಬಿಣ ಯಾವುದೂ ತಡೆಯೋದಿಲ್ಲವಂತೆ. ಕಾರವಾರ, ಅಂಕೋಲಾ, ಶಿರಸಿ ಎಲ್ಲ ದಾಟಿ ಹೋಗುತ್ತದಂತೆ. ಕೊನೆಗೆ ಯಥಾಪ್ರಕಾರ ‘ಹತ್ತು ಜನಕ್ಕೆ ಕಳಿಸಿ’. ಅಪ್ಪ ಬೆಳಿಗ್ಗೆಯಿಂದ ಇದನ್ನೇ ಹಿಡಿದುಕೊಂಡು ಕೂತಿದ್ದಾರೆ. ಸುಳ್ಳು ಸುದ್ದಿ ಅಂದೆ. ‘ನಿನಗೆ ಹೇಗೆ ಗೊತ್ತು?’ ಅಂದರು. ನನಗೆ ಗೊತ್ತಿಲ್ಲ, ಅದೇ ತೊಂದರೆ. ತಿಳಿದವರು ಯಾರಾದರೂ ಬಿಡಿಸಿ ಹೇಳಿ.

ಸದಾಶಿವಗಡ (ಕಾರವಾರ)
ಇಂಥವನ್ನೆಲ್ಲ ಓದದೇ ಅಳಿಸಿಬಿಡಿ. ನಮ್ಮ ಗುಂಪಿಗೂ ಬಂದಿತ್ತು.

ಶರಾವತಿ ಬಾಲ (ಹೊನ್ನಾವರ, ಸದ್ಯ ಮುಂಬೈ)
ಅಳಿಸಬೇಡಿ ಮಾರಾಯ್ರೆ. ತಮಾಷೆ ಏನೆಂದರೆ ಆ ಮೆಸೇಜಿನಲ್ಲಿ ಹೇಳಿದ್ದೆಲ್ಲ ನಿಜ. ಹೆದರಿಸಿದ್ದು ಮಾತ್ರ ಸುಳ್ಳು.

ನಾನು ಎಂಎಸ್ಸಿಯಲ್ಲಿ ಇದನ್ನು ಓದಿದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ರಿಯಾಕ್ಟರಿನಲ್ಲಿ ಯುರೇನಿಯಂ ಒಡೆದಾಗ ಉಳಿಯುವ ಚೂರುಗಳಿಗೆ ನೆಮ್ಮದಿ ಇರೋದಿಲ್ಲ. ಅವು ಬೀಟಾ ಕ್ಷಯ ಆಗುತ್ತಾ ಹೋಗುತ್ತವೆ. ಪ್ರತಿ ಸಲ ಒಂದು ಎಲೆಕ್ಟ್ರಾನ್ ಹೊರಬೀಳುತ್ತದೆ, ಜೊತೆಗೊಂದು ಆಂಟಿನ್ಯೂಟ್ರಿನೋ, ಅಂದರೆ ನ್ಯೂಟ್ರಿನೋದ ಪ್ರತಿಕಣ. ಒಂದು ಯುರೇನಿಯಂ ಒಡೆದರೆ ಸರಾಸರಿ ಆರು. ಕೈಗಾದ ನಾಲ್ಕು ಘಟಕಗಳೂ, ಒಂದೊಂದು 220 ಮೆಗಾವಾಟ್, ಪೂರ್ತಿ ಓಡುತ್ತಿವೆ ಅಂದುಕೊಳ್ಳಿ. ಒಟ್ಟು ಶಾಖ ಸುಮಾರು 3,000 ಮೆಗಾವಾಟ್. ಲೆಕ್ಕ ಹಾಕಿದರೆ ಸೆಕೆಂಡಿಗೆ 6ರ ಮುಂದೆ 20 ಸೊನ್ನೆ ಇಟ್ಟಷ್ಟು ಆಂಟಿನ್ಯೂಟ್ರಿನೋ. ಕಾರವಾರ ನೇರ ಗೆರೆಯಲ್ಲಿ 30-35 ಕಿ.ಮೀ. ದೂರ. ಅಲ್ಲಿಗೆ ಬರುವಾಗ ಎಲ್ಲ ದಿಕ್ಕಿಗೂ ಹರಡಿ ತೆಳುವಾಗಿರುತ್ತವೆ. ಆದರೂ ಒಂದು ಚದರ ಸೆಂಟಿಮೀಟರಿಗೆ, ಅಂದರೆ ಒಂದು ಉಗುರಿನಷ್ಟು ಜಾಗಕ್ಕೆ, ಸೆಕೆಂಡಿಗೆ ಸುಮಾರು 40 ಲಕ್ಷ.

ಈಗ ಅಪ್ಪನಿಗೆ ಇನ್ನೊಂದು ಸಂಖ್ಯೆ ಹೇಳಿ. ಅದೇ ಉಗುರಿನ ಮೂಲಕ ಸೂರ್ಯನ ನ್ಯೂಟ್ರಿನೋ ಸೆಕೆಂಡಿಗೆ 6,500 ಕೋಟಿ ಹೋಗುತ್ತವೆ. ಹಗಲು ಮಾಡಿನಿಂದ ಇಳಿದು ಬರುತ್ತವೆ. ರಾತ್ರಿ ಇಡೀ ಭೂಮಿ ತೂರಿಕೊಂಡು ಮಂಚದ ಕೆಳಗಿನಿಂದ ಬರುತ್ತವೆ. ಕೈಗಾದ ಪಾಲು ಇದರ ಮುಂದೆ ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ.

ಇಷ್ಟು ಬಂದರೂ ಏನೂ ಆಗೋದಿಲ್ಲ, ಏಕೆಂದರೆ ಅವು ಯಾವುದಕ್ಕೂ ತಾಗುವುದೇ ಇಲ್ಲ ಅನ್ನಬಹುದು. ಸೂರ್ಯನಿಂದ ಬಂದವುಗಳಲ್ಲಿ ಒಬ್ಬ ಮನುಷ್ಯನ ಮೈಗೆ ನಿಜವಾಗಿ ಬಡಿಯುವುದು ಇಡೀ ಜೀವಮಾನದಲ್ಲಿ ಒಂದೋ ಎರಡೋ. ಇನ್ನೊಂದು ಮಾತು. ನಮ್ಮ ಮೈಯಲ್ಲಿ ಪೊಟ್ಯಾಸಿಯಂ ಇದೆಯಲ್ಲ, ಬಾಳೆಹಣ್ಣಿನಲ್ಲಿ ಇರೋದೇ, ಅದರ ಸಣ್ಣ ಪಾಲು ವಿಕಿರಣಶೀಲ. ಅದರಿಂದ ಪ್ರತಿಯೊಬ್ಬರೂ ಸೆಕೆಂಡಿಗೆ ಸುಮಾರು 4,000 ಆಂಟಿನ್ಯೂಟ್ರಿನೋ ಹೊರಗೆ ಬಿಡುತ್ತಾ ಇರುತ್ತೇವೆ. ನಿಮ್ಮ ಅಪ್ಪನೂ ಒಂದು ಸಣ್ಣ ಕೈಗಾನೇ.

ಕಾಳಿದಂಡೆ
ಓದಿ ಹೇಳಿದೆ. ‘ಸಣ್ಣ ಕೈಗಾ’ ಅಂದಿದ್ದಕ್ಕೆ ನಕ್ಕರು. ಆಮೇಲೆ ಒಂದು ಪ್ರಶ್ನೆ ಹಾಕಿದರು, ನನಗೆ ಉತ್ತರ ಹೊಳೆಯಲಿಲ್ಲ. ಯಾವುದಕ್ಕೂ ತಾಗದೇ ಹೋಗುತ್ತದೆ ಅಂದರೆ, ಅದು ಇದೆ ಅಂತ ಇವರಿಗೆ ಗೊತ್ತಾದದ್ದು ಹೇಗೆ?

ಬೇಲೆಕೇರಿ ದೋಣಿ (ಅಂಕೋಲಾ)
ಅದೇ ಮತ್ತೆ. ಬಲೆಗೆ ಬೀಳದ ಮೀನನ್ನು ಎಣಿಸಿದವರು ಯಾರು?

ವಿಜ್ಞಾನದ ಅಕ್ಕೋರು (ಕುಮಟಾ)
ಇದಕ್ಕೆ ನಾನು ಹೇಳುತ್ತೇನೆ, ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿ ರೂಢಿಯಾಗಿದೆ. ಸಂತೆಗೆ 500 ರೂಪಾಯಿ ತಗೊಂಡು ಹೋಗಿದ್ದೀರಿ. ಮನೆಗೆ ಬಂದು ಕೂಡಿಸಿದರೆ ಸಾಮಾನಿಗೆ ಕೊಟ್ಟದ್ದು, ಜೇಬಿನಲ್ಲಿ ಉಳಿದದ್ದು ಸೇರಿ 430. ಪ್ರತಿ ವಾರವೂ ಹೀಗೇ, ಕಳೆದುಹೋಗುವ ಮೊತ್ತ ಮಾತ್ರ ಬೇರೆ ಬೇರೆ. ಬೀಟಾ ಕ್ಷಯದಲ್ಲೂ ಶಕ್ತಿಯ ಲೆಕ್ಕ ಹೀಗೇ ತಾಳೆ ಆಗುತ್ತಿರಲಿಲ್ಲ. 1930ರ ಡಿಸೆಂಬರಿನಲ್ಲಿ ಭೌತವಿಜ್ಞಾನಿ ವೋಲ್ಫ್‌ಗ್ಯಾಂಗ್ ಪೌಲಿ ಒಂದು ಪತ್ರ ಬರೆದು, ಕಣ್ಣಿಗೆ ಬೀಳದ ಕಣವೊಂದು ಆ ಉಳಿದ ಶಕ್ತಿಯನ್ನು ಒಯ್ಯುತ್ತಿರಬೇಕು ಅಂತ ಸೂಚಿಸಿದರು. ಕಳ್ಳನನ್ನು ನೋಡಿಲ್ಲ, ದುಡ್ಡು ಹೋದದ್ದು ಮಾತ್ರ ಗೊತ್ತು.

ಕಳ್ಳ ಸಿಕ್ಕಿಬಿದ್ದದ್ದು 26 ವರ್ಷದ ನಂತರ, 1956ರಲ್ಲಿ. ಅಮೆರಿಕದ ರೈನ್ಸ್ ಮತ್ತು ಕೋವನ್ ಮೊದಲು ಅಣುಬಾಂಬ್ ಸಿಡಿಸುವ ಜಾಗದ ಹತ್ತಿರ ಹಿಡಿಯುವ ಯೋಚನೆ ಮಾಡಿದ್ದರು! ಆಮೇಲೆ ಬುದ್ಧಿ ಬಂದು ಸವಾನಾ ರಿವರ್ ಅನ್ನುವಲ್ಲಿನ ರಿಯಾಕ್ಟರಿನಿಂದ 11 ಮೀಟರ್ ದೂರದಲ್ಲಿ, ನೆಲದಡಿಯಲ್ಲಿ, ನೀರಿನ ತೊಟ್ಟಿ ಇಟ್ಟು ಕೂತರು.

ಶರಾವತಿ ಬಾಲ
ಅಕ್ಕೋರೇ, ಸಂತೆ ಲೆಕ್ಕ ಚೆನ್ನಾಗಿದೆ, ಕದಿಯುತ್ತೇನೆ. ಆ ತೊಟ್ಟಿಯಲ್ಲಿ ಜಾಣತನ ಎಲ್ಲಿತ್ತು ಅಂತ ಸೇರಿಸುತ್ತೇನೆ. ಆಂಟಿನ್ಯೂಟ್ರಿನೋ ಅಪರೂಪಕ್ಕೆ ನೀರಿನ ಒಂದು ಪ್ರೋಟಾನಿಗೆ ಬಡಿದರೆ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಪಾಸಿಟ್ರಾನ್ ತಕ್ಷಣ ಬೆಳಕಿನ ಒಂದು ಮಿಂಚು ಕೊಡುತ್ತದೆ. ನ್ಯೂಟ್ರಾನ್ ಸ್ವಲ್ಪ ಅಲೆದಾಡಿ, ನೀರಿಗೆ ಬೆರೆಸಿದ ಕ್ಯಾಡ್ಮಿಯಂಗೆ ಸಿಕ್ಕಿಬಿದ್ದು, ಕೆಲವು ಮೈಕ್ರೋಸೆಕೆಂಡಿನ ನಂತರ ಎರಡನೇ ಮಿಂಚು ಕೊಡುತ್ತದೆ. ಒಂಟಿ ಮಿಂಚು ಯಾವುದರಿಂದ ಬೇಕಾದರೂ ಬರಬಹುದು. ಆ ಅಂತರದಲ್ಲಿ ಜೋಡಿ ಬಂದರೆ ಮಾತ್ರ ನಂಬಬೇಕು. ಚೆಂಡೆಯ ಒಂದು ಪೆಟ್ಟು ಕೇಳಿದರೆ ಆಟ ಶುರುವಾಯಿತು ಅಂತ ಹೇಳೋಕಾಗೋದಿಲ್ಲ, ಅಲ್ವಾ? ಯಾರೋ ಹುಡುಗ ತಟ್ಟಿರಬಹುದು.

ಅಷ್ಟು ಹತ್ತಿರ ಕೂತರೂ ಅವರಿಗೆ ಸಿಕ್ಕಿದ್ದು ಗಂಟೆಗೆ ಸುಮಾರು ಮೂರು. ಜೋಡಿ ಮಿಂಚಿನ ಉಪಾಯ ಇವತ್ತಿಗೂ ರಿಯಾಕ್ಟರ್ ನ್ಯೂಟ್ರಿನೋ ಹಿಡಿಯುವವರ ಕೈಯಲ್ಲಿದೆ. ಮುಂಬೈಯಲ್ಲಿ ಧ್ರುವ ರಿಯಾಕ್ಟರಿನ ಹತ್ತಿರ ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದುಹೋದಾಗ ಮಿನುಗುವ ವಸ್ತು) ಪಟ್ಟಿಗಳನ್ನು ಜೋಡಿಸಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಮಾಡುತ್ತಿರುವುದೂ ಇದೇ.

ಸದಾಶಿವಗಡ
ಅಳಿಸಿ ಅಂದವನು ನಾನೇ, ಈಗ ನಾನೇ ಬರೆಯುತ್ತಿದ್ದೇನೆ. ನಮ್ಮ ಸೋದರಮಾವ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಗಣಿಯ ತಳದಲ್ಲಿ ಬೊಂಬಾಯಿಯವರು, ಜಪಾನಿನವರು ಏನೋ ಪೆಟ್ಟಿಗೆ ಇಟ್ಟುಕೊಂಡು ಕೂತಿರುತ್ತಾರೆ, ಚಿನ್ನಕ್ಕೂ ಅವರಿಗೂ ಸಂಬಂಧ ಇಲ್ಲ ಅನ್ನುತ್ತಿದ್ದರು. ನಾವು ಸಣ್ಣವರು, ಕಥೆ ಅಂದುಕೊಂಡಿದ್ದೆವು. ಅದು ಇದೇ ಇರಬಹುದಾ?

ಶರಾವತಿ ಬಾಲ
ಅದೇ! ನಿಮ್ಮ ಮಾವ ಇತಿಹಾಸದ ಪಕ್ಕದಲ್ಲೇ ಓಡಾಡಿದ್ದಾರೆ.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯುವಾನ್ ಅನ್ನೋ ಕಣಗಳು ಮಳೆಯ ಹಾಗೆ ಸುರಿಯುತ್ತವೆ. ಈಗ ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಒಂದರಂತೆ ಹೋಗುತ್ತಿರುತ್ತವೆ. ಈ ಮಳೆಯಲ್ಲಿ ನಿಂತು ನ್ಯೂಟ್ರಿನೋ ಹುಡುಕೋದು ಆಷಾಢದಲ್ಲಿ ಅಂಗಳಕ್ಕೆ ಬಿದ್ದ ಒಂದು ಬೆವರ ಹನಿ ಹುಡುಕಿದ ಹಾಗೆ. ಹಾಗಾಗಿ ಸೂರಿನಡಿ ಹೋಗಬೇಕು. ಕೋಲಾರದ್ದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್, ನಮ್ಮ ನಂಜನಗೂಡಿನವರು, 1950ರ ದಶಕದ ಆರಂಭದಲ್ಲೇ ಅಲ್ಲಿ ಇಳಿದು, ಆಳಕ್ಕೆ ಹೋದ ಹಾಗೆ ಮ್ಯುವಾನ್ ಎಷ್ಟು ಕಡಿಮೆಯಾಗುತ್ತದೆ ಅಂತ ಅಳೆಯಲು ಶುರುಮಾಡಿದ್ದರು. ಮುಂದೆ ಎಂ.ಜಿ.ಕೆ. ಮೆನನ್, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್‌ನವರು ಸೇರಿ 2.3 ಕಿ.ಮೀ. ಆಳದಲ್ಲಿ ಉಪಕರಣ ಹೂಡಿದರು.

ನನಗೆ ತುಂಬಾ ಇಷ್ಟವಾಗೋದು ಅವರು ಗೋಡೆ ನಿಲ್ಲಿಸಿದ ರೀತಿ. ಕಾಸ್ಮಿಕ್ ಮ್ಯುವಾನ್ ಮೇಲಿನಿಂದಲೇ ಬರಬೇಕು, ಪಕ್ಕದಿಂದ ಬರಬೇಕಾದರೆ ಎಷ್ಟೋ ಕಿಲೋಮೀಟರ್ ಕಲ್ಲು ದಾಟಬೇಕು, ಆಗದ ಮಾತು. ನ್ಯೂಟ್ರಿನೋಗೆ ಆ ಚಿಂತೆ ಇಲ್ಲ. ಹಾಗಾಗಿ ಸಿಂಟಿಲೇಟರ್ ಹಲಗೆಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ಅಡ್ಡಡ್ಡ ಬರುವ ಮ್ಯುವಾನ್‌ಗಾಗಿ ಕಾದರು. ಅಡ್ಡ ಬಂದದ್ದು ಪಕ್ಕದ ಕಲ್ಲಿನಲ್ಲಿ ನ್ಯೂಟ್ರಿನೋ ಬಡಿದು ಹುಟ್ಟಿದ ಮ್ಯುವಾನ್ ಇರಬೇಕು. 1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಬಗ್ಗೆ ಮೊದಲು ಪ್ರಕಟಿಸಿದವರು ಕೋಲಾರದವರೇ, ಸಂಶೋಧನಾ ಪತ್ರಿಕೆಯೊಂದರ ಆಗಸ್ಟ್ 15ರ ಸಂಚಿಕೆಯಲ್ಲಿ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದ್ದ ಅದೇ ರೈನ್ಸ್ ತಂಡದ್ದು ಎರಡು ವಾರ ಆದಮೇಲೆ ಬಂತು. ಅವರಿಗೆ ಮೊದಲ ಕಣ ಫೆಬ್ರವರಿಯಲ್ಲೇ ಸಿಕ್ಕಿತ್ತು, ಅದನ್ನೂ ಹೇಳಿಬಿಡಬೇಕು.

ತೋಟದಮನೆ (ಶಿರಸಿ)
ಅಲ್ಲಿ ಪ್ರೋಟಾನ್ ಸಾಯುತ್ತದಾ ಅಂತಲೂ ನೋಡಿದ್ದರಲ್ಲವಾ? ಇಂಜಿನಿಯರಿಂಗ್ ಓದುವಾಗ ಎಲ್ಲೋ ಓದಿದ ನೆನಪು. ಈಗ ಅಡಿಕೆ ಬಿಟ್ಟು ಬೇರೆ ಓದು ಇಲ್ಲ.

ಶರಾವತಿ ಬಾಲ
ಹೌದು. 1980ರಲ್ಲಿ ಅದೇ ಆಳದಲ್ಲಿ 140 ಟನ್ ಕಬ್ಬಿಣದ ಹಲಗೆಗಳ ನಡುವೆ ಕೌಂಟರ್ ಜೋಡಿಸಿ ಕಾದರು. ಪ್ರೋಟಾನ್ ಸತ್ತಿರಬಹುದು ಅನ್ನಿಸುವ ಕೆಲವು ಘಟನೆ ಕಂಡವು ಅಂತ ಹೇಳಿದರು. ಜಗತ್ತೇ ತಿರುಗಿ ನೋಡಿತು. ಆಮೇಲೆ ಅಮೆರಿಕದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರು, ಜಪಾನಿನ ಕಾಮಿಯೋಕಾಂಡೆಯಲ್ಲಿ 3,000 ಟನ್ ನೀರು ಇಟ್ಟು ನೋಡಿದರೆ ಒಂದೂ ಇಲ್ಲ. ಈಗಿನ ಲೆಕ್ಕ, ಪ್ರೋಟಾನಿಗೆ ಸಾವು ಇದ್ದರೂ ಕೆಲವು ಬಗೆಯ ಸಾವಿಗೆ 1ರ ಮುಂದೆ 34 ಸೊನ್ನೆ ಇಟ್ಟಷ್ಟು ವರ್ಷಕ್ಕಿಂತ ಜಾಸ್ತಿ ಬೇಕು. ಕೋಲಾರದವರನ್ನು ಇದಕ್ಕೆ ಹಂಗಿಸುವವರೂ ಇದ್ದಾರೆ. ನನಗೆ ಅದು ಸರಿ ಅನ್ನಿಸೋದಿಲ್ಲ. ಕಂಡದ್ದನ್ನು ‘ಇರಬಹುದು’ ಅಂತಲೇ ಮುಂದಿಟ್ಟರು, ಬೇರೆಯವರು ದೊಡ್ಡ ತೊಟ್ಟಿ ಕಟ್ಟಿ ಪರೀಕ್ಷಿಸಿದರು.

ಕಾಮಿಯೋಕಾಂಡೆಯದ್ದು ಇನ್ನೊಂದು ಕಥೆ. ಪ್ರೋಟಾನ್ ಸಾವಿಗೆ ಕಾದು ಕೂತವರಿಗೆ 1987ರ ಫೆಬ್ರವರಿ 23ರಂದು ಪಕ್ಕದ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದ ನ್ಯೂಟ್ರಿನೋ 11 ಸಿಕ್ಕಿದವು. ಬಂಗಡೆಗೆ ಹಾಕಿದ ಬಲೆಗೆ ತಿಮಿಂಗಿಲ.

ಬೇಲೆಕೇರಿ ದೋಣಿ
ಹಾಗಾದರೆ ಕಣ ಹಿಡಿಯೋದು ಕಷ್ಟ ಅಲ್ಲ, ಹಿಡಿದದ್ದು ಅದೇ ಅಂತ ಖಾತ್ರಿ ಮಾಡಿಕೊಳ್ಳೋದು ಕಷ್ಟ. ನನಗೆ ಅರ್ಥ ಆದದ್ದು ಸರಿಯಾ? ರಂಪಣಿ ಎಳೆದರೆ ಮೀನಿನ ಜೊತೆ ಕಸ, ಜೆಲ್ಲಿ, ಪ್ಲಾಸ್ಟಿಕ್ ಎಲ್ಲ ಬರುತ್ತದೆ. ಹೆಕ್ಕುವುದರಲ್ಲೇ ಹೊತ್ತು ಹೋಗುತ್ತದೆ.

ಶರಾವತಿ ಬಾಲ
ನೂರಕ್ಕೆ ನೂರು ಸರಿ. ಈ ಇಡೀ ವಿದ್ಯೆಯೇ ಕಸ ಹೆಕ್ಕುವುದು. ಸಮುದ್ರದವರಿಗೆ ಹೇಳಬೇಕಾದ ಒಂದು ಕಥೆ ಇದೆ. ಇಟಲಿಯಲ್ಲಿ ಗ್ರಾನ್ ಸಾಸ್ಸೋ ಬೆಟ್ಟದಡಿ ಕೂರೆ ಅಂತ ಒಂದು ಪ್ರಯೋಗ. ಟೆಲ್ಲೂರಿಯಂ ಇರುವ 988 ಹರಳುಗಳನ್ನು ಸೊನ್ನೆ ಕೆಲ್ವಿನ್‌ನಿಂದ (ಅದಕ್ಕಿಂತ ತಂಪು ಇಲ್ಲ) ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲೆ ತಂಪು ಮಾಡಿಟ್ಟಿದ್ದಾರೆ. ಹೊರಗಿನ ವಿಕಿರಣ ತಡೆಯಲು ಸೀಸದ ಗೋಡೆ ಬೇಕು. ಆದರೆ ಹೊಸ ಸೀಸದಲ್ಲೇ ಸೀಸ-210 ಅನ್ನೋ ವಿಕಿರಣಶೀಲ ಬಗೆ ಇರುತ್ತದೆ. 22 ವರ್ಷಕ್ಕೊಮ್ಮೆ ಅರ್ಧ ಆಗುತ್ತದೆ, ಪೂರ್ತಿ ಹೋಗಬೇಕಾದರೆ ಶತಮಾನಗಳು. ಅವರು ಏನು ಮಾಡಿದರು ಗೊತ್ತಾ? ಸಾರ್ಡಿನಿಯಾ ದ್ವೀಪದ ಹತ್ತಿರ 2,000 ವರ್ಷದ ಹಿಂದೆ ಮುಳುಗಿದ ರೋಮನ್ ಹಡಗಿನ ಸೀಸದ ಗಟ್ಟಿಗಳನ್ನು ತಂದರು! ಗಟ್ಟಿಯ ಮೇಲೆ ಕೆತ್ತಿದ ಅಕ್ಷರದ ಭಾಗ ಮಾತ್ರ ಕತ್ತರಿಸಿ ಇತಿಹಾಸದವರಿಗೆ ಬಿಟ್ಟು, ಉಳಿದದ್ದನ್ನು ಕರಗಿಸಿದರು.

ಬೇಲೆಕೇರಿ ದೋಣಿ
ನಮ್ಮ ಬಲೆಯ ಸೀಸದ ಮಣಿ ಅಜ್ಜನ ಕಾಲದ್ದು ಇವೆ. ದರ ಹೇಳಿ.

ಸದಾಶಿವಗಡ
ಟಾಗೋರ್ ಬೀಚಿನಲ್ಲಿ ನಿಲ್ಲಿಸಿರುವ ‘ಚಪಲ್’ ಯುದ್ಧನೌಕೆ ಕೊಡೋಣವಾ ಹಾಗಾದರೆ? ತುಕ್ಕು ಹಿಡಿಯುವುದಾದರೂ ತಪ್ಪುತ್ತದೆ.

ಶರಾವತಿ ಬಾಲ
ಅದು ಆಗೋದಿಲ್ಲ, 1976ರ ಹಡಗು. 1945ರ ನಂತರ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಬೆರೆತದ್ದು ಉಕ್ಕಿಗೂ ಸೇರಿಕೊಂಡಿತು. ಅದಕ್ಕೆ ಮೊದಲು ಮುಳುಗಿದ ಯುದ್ಧನೌಕೆಗಳ ಉಕ್ಕಿಗೆ ಒಂದು ಕಾಲದಲ್ಲಿ ತುಂಬಾ ಬೇಡಿಕೆ ಇತ್ತು.

ತೋಟದಮನೆ
ಇಷ್ಟೆಲ್ಲ ಮಾಡಿ ಕೂರೆಯವರು ಹುಡುಕೋದು ಏನನ್ನು?

ಶರಾವತಿ ಬಾಲ
ನ್ಯೂಟ್ರಿನೋ ಇಲ್ಲದ ಜೋಡಿ ಬೀಟಾ ಕ್ಷಯ. ಕೆಲವು ಪರಮಾಣುಗಳಲ್ಲಿ ಎರಡು ನ್ಯೂಟ್ರಾನ್ ಒಟ್ಟಿಗೇ ಪ್ರೋಟಾನ್ ಆಗಿ ಬದಲಾಗುತ್ತವೆ. ಎರಡು ಎಲೆಕ್ಟ್ರಾನ್, ಎರಡು ಆಂಟಿನ್ಯೂಟ್ರಿನೋ ಬರುತ್ತವೆ. ಇದು ಪ್ರಯೋಗಶಾಲೆಯಲ್ಲಿ 1987ರಲ್ಲಿ ನೇರವಾಗಿ ಕಂಡಿತು. ನ್ಯೂಟ್ರಿನೋ ಮತ್ತು ಆಂಟಿನ್ಯೂಟ್ರಿನೋ ಎರಡೂ ಒಂದೇ ಆಗಿದ್ದರೆ, ಅವು ಒಂದನ್ನೊಂದು ನುಂಗಿ ಬರೀ ಎರಡು ಎಲೆಕ್ಟ್ರಾನ್ ಹೊರಬರಬಹುದು. ಹಾಗಿರಬಹುದು ಅನ್ನುವ ಯೋಚನೆ ಮಯೋರಾನಾ ಅನ್ನೋರದ್ದು, 1937ರದ್ದು. ಇಲ್ಲಿಯವರೆಗೆ ಯಾರಿಗೂ ಖಚಿತವಾಗಿ ಕಂಡಿಲ್ಲ. ಇಟಲಿಯಲ್ಲಿ ಜರ್ಮೇನಿಯಂ, ಜಪಾನಿನಲ್ಲಿ ಕ್ಸೆನಾನ್ ಇಟ್ಟು ನೋಡಿದ್ದಾರೆ. ಇದ್ದರೆ ಅರ್ಧಾಯುಷ್ಯ 1ರ ಮುಂದೆ 26 ಸೊನ್ನೆ ಇಟ್ಟಷ್ಟು ವರ್ಷಕ್ಕಿಂತ ಜಾಸ್ತಿ.

ತೋಟದಮನೆ
ವಿಶ್ವಕ್ಕೇ 1,380 ಕೋಟಿ ವರ್ಷ. ಅಷ್ಟು ಕಾಯೋದು ಹೇಗೆ ಅಂತ ಕೇಳಬೇಕು ಅಂದುಕೊಂಡೆ, ಬರೆಯುವಷ್ಟರಲ್ಲಿ ಹೊಳೆಯಿತು. ಒಂದು ಅಡಿಕೆ ಮರ ನೂರು ವರ್ಷಕ್ಕೆ ಒಮ್ಮೆ ಬೀಳುತ್ತದೆ ಅಂದರೆ ಅದರ ಬುಡದಲ್ಲಿ ಕೂತು ಕಾಯಬೇಕಾಗಿಲ್ಲ. ಲಕ್ಷ ಮರ ಇದ್ದರೆ ವರ್ಷಕ್ಕೆ ಸಾವಿರ ಬೀಳುತ್ತವೆ. ಪರಮಾಣು ಜಾಸ್ತಿ ಸೇರಿಸಿದರೆ ಆಯಿತು.

ವಿಜ್ಞಾನದ ಅಕ್ಕೋರು
ನಾಳೆ ಕ್ಲಾಸಿಗೆ ಇದೇ ಉದಾಹರಣೆ. ಹೆಗಡೇರೋ ಭಟ್ಟರೋ ಗೊತ್ತಿಲ್ಲ, ಧನ್ಯವಾದ.

ತೋಟದಮನೆ
ಇನ್ನೊಂದು ವಿಷಯ. ಚೀನಾದಲ್ಲಿ ಜೂನೋ ಅಂತ ನ್ಯೂಟ್ರಿನೋ ಹಿಡಿಯುವ ಪ್ರಯೋಗ ಶುರುವಾಗಿದೆಯಲ್ಲ, 2025ರ ಆಗಸ್ಟಿನಲ್ಲಿ. 700 ಮೀಟರ್ ನೆಲದಡಿ, 20,000 ಟನ್ ಸಿಂಟಿಲೇಟರ್ ದ್ರವ, 35 ಮೀಟರ್ ಅಗಲದ ಅಕ್ರಿಲಿಕ್ ಗೋಲ. ಎರಡು ಅಣು ಸ್ಥಾವರಗಳಿಂದ 53 ಕಿ.ಮೀ. ದೂರದಲ್ಲಿ ಬೇಕು ಅಂತಲೇ ಇಟ್ಟಿದ್ದಾರಂತೆ. ನಾನು ಸುಮ್ನೆ ನಕ್ಷೆಯಲ್ಲಿ ಅಳೆದೆ. ಕೈಗಾದಿಂದ ಶಿರಸಿ ನೇರ ಗೆರೆಯಲ್ಲಿ ಸುಮಾರು 50 ಕಿ.ಮೀ.! ನಮ್ಮ ಊರು ಸರಿಯಾದ ಜಾಗದಲ್ಲೇ ಇದೆ.

ಶರಾವತಿ ಬಾಲ
ಇದು ನನಗೂ ಹೊಳೆದಿರಲಿಲ್ಲ! ನ್ಯೂಟ್ರಿನೋ ಹೋಗ್ತಾ ಹೋಗ್ತಾ ಬಗೆ ಬದಲಾಯಿಸುತ್ತದೆ. ಮೂರು ಬಗೆ ಇವೆ, ಎಲೆಕ್ಟ್ರಾನ್, ಮ್ಯುವಾನ್, ಟೌ. ಒಂದೇ ಕಲಾವಿದ ವೇಷ ಬದಲಿಸಿ ರಂಗಕ್ಕೆ ಬಂದ ಹಾಗೆ. ಸೂರ್ಯನ ನ್ಯೂಟ್ರಿನೋ ಮೂರರಲ್ಲಿ ಒಂದು ಪಾಲು ಮಾತ್ರ ಸಿಗುತ್ತಿದ್ದದ್ದು ಅದಕ್ಕೇ. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ ರೇ ಡೇವಿಸ್ 1960ರ ದಶಕದಿಂದ ಬಟ್ಟೆ ಡ್ರೈಕ್ಲೀನ್ ಮಾಡುವ ದ್ರವ 600 ಟನ್ನಿಗೂ ಜಾಸ್ತಿ ತುಂಬಿ ಎಣಿಸುತ್ತಿದ್ದರು. ಲೆಕ್ಕ ತಪ್ಪಿದೆ ಅಂತ ಎಷ್ಟೋ ಜನ ಅಂದರು. ಕೊನೆಗೆ ಕೆನಡಾದಲ್ಲಿ 2 ಕಿ.ಮೀ. ಆಳದಲ್ಲಿ 1,000 ಟನ್ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಇಟ್ಟು ಮೂರೂ ವೇಷ ಸೇರಿಸಿ ಎಣಿಸಿದಾಗ ಲೆಕ್ಕ ತಾಳೆಯಾಯಿತು. ಅದೇ ಭಾರಜಲ ಕೈಗಾದ ರಿಯಾಕ್ಟರುಗಳಲ್ಲೂ ಇದೆ. ಕೆನಡಾದವರು ತಮ್ಮ ಅಣು ವಿದ್ಯುತ್ತಿಗೆ ಇಟ್ಟುಕೊಂಡದ್ದನ್ನೇ ಸಾಲವಾಗಿ ಕೊಟ್ಟಿದ್ದರು.

ರಿಯಾಕ್ಟರಿನಿಂದ ಹೊರಟದ್ದು 50-60 ಕಿ.ಮೀ. ಹತ್ತಿರ ಅತಿ ಜಾಸ್ತಿ ವೇಷ ಬದಲಿಸಿರುತ್ತದೆ. ಹಾಗಾಗಿ ಶಿರಸಿಗೆ ಬರುವ ಹೊತ್ತಿಗೆ ಕೈಗಾದ ಆಂಟಿನ್ಯೂಟ್ರಿನೋಗಳಲ್ಲಿ ಅರ್ಧಕ್ಕೂ ಜಾಸ್ತಿ ಬೇರೆ ವೇಷದಲ್ಲಿರುತ್ತವೆ. ಆದರೆ ಜೂನೋ ಹತ್ತಿರದ ಸ್ಥಾವರಗಳ ಶಾಖ 26,000 ಮೆಗಾವಾಟಿಗೂ ಜಾಸ್ತಿ, ಕೈಗಾದ್ದು 3,000. ಅದೇ 20,000 ಟನ್ನಿನ ಗೋಲವನ್ನು ಶಿರಸಿಯಲ್ಲಿ ಇಟ್ಟರೆ ದಿನಕ್ಕೆ ಐದಾರು ಸಿಕ್ಕಾವು, ನನ್ನ ಕೈಲೆಕ್ಕ.

ಸದಾಶಿವಗಡ
ದಿನಕ್ಕೆ ಐದಕ್ಕೆ 20,000 ಟನ್ ಎಣ್ಣೆ. ಯಾರ ದುಡ್ಡು?

ತೋಟದಮನೆ
ದುಡ್ಡು ಆಮೇಲೆ. ಗುಡ್ಡ ಕೊರೆಯಲು ನಾನೇ ಬಿಡೋದಿಲ್ಲ. ವಿಷಯ ಎಷ್ಟೇ ಇಷ್ಟವಾದರೂ.

ಶರಾವತಿ ಬಾಲ
ಅದು ನಿಜವಾದ ಪ್ರಶ್ನೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅದರ ಬದಲು ಭಾರತದ ನ್ಯೂಟ್ರಿನೋ ವೀಕ್ಷಣಾಲಯಕ್ಕೆ ಮೊದಲು ನೀಲಗಿರಿಯ ಸಿಂಗಾರ ನೋಡಿದರು. ಮುದುಮಲೈ ಹುಲಿ ಕಾಡಿನ ಪಕ್ಕ ಅಂತ 2009ರಲ್ಲಿ ಬೇಡ ಅಂದರು. ಆಮೇಲೆ ತಮಿಳುನಾಡಿನ ತೇನಿ ಜಿಲ್ಲೆಯ ಪೊಟ್ಟಿಪುರಂ. 50,000 ಟನ್ ಕಬ್ಬಿಣದ ಯಂತ್ರ, ಎಲ್ಲ ಕಡೆ 1 ಕಿ.ಮೀ. ಕಲ್ಲಿನ ಹೊದಿಕೆ. 2015ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅಲ್ಲಿನ ಜನ, ರಾಜ್ಯ ಸರ್ಕಾರ ಒಪ್ಪಲಿಲ್ಲ. 85 ಟನ್ನಿನ ಮರಿ ಯಂತ್ರ ಮಾತ್ರ ಮಧುರೈಯಲ್ಲಿ ಇದೆ. ನ್ಯೂಟ್ರಿನೋ ಅಪಾಯ ಅನ್ನೋ ಹೆದರಿಕೆಗೆ ಆಧಾರ ಇರಲಿಲ್ಲ. ಆದರೆ ಸುರಂಗ, ಸಿಡಿಮದ್ದು, ಲಾರಿ, ನೀರು, ಕಾಡು, ಇವು ನ್ಯಾಯವಾದ ಪ್ರಶ್ನೆಗಳೇ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ, ವಿರೋಧಿಸಿದವರೆಲ್ಲ ಅಜ್ಞಾನಿಗಳು ಅಂದದ್ದು ನಮ್ಮ ಕಡೆಯವರ ತಪ್ಪು ಅಂತ ನನ್ನ ಅಭಿಪ್ರಾಯ.

ತೋಟದಮನೆ
ಇಲ್ಲಿ ಬೇಡ್ತಿ ನೀರಿನ ಯೋಜನೆ, ಶರಾವತಿ ಸುರಂಗ ಅಂತ ಕೇಳಿ ಕೇಳಿ ಕಿವಿ ತೂತಾಗಿದೆ. ಆಚೆ ಕಡೆ ಕಾಳಿ ಹುಲಿ ಕಾಡು. ನಮ್ಮ ಘಟ್ಟಕ್ಕೆ ಬೀಳುವ ಮಳೆಯಲ್ಲಿ ಸುರಂಗ ತೋಡಿದರೆ ಅದು ಬಾವಿಯೇ ಆಗುತ್ತದೆ.

ಶರಾವತಿ ಬಾಲ
ಜೂನೋದವರಿಗೂ ಅದೇ ಆಯಿತು. ಅಂದುಕೊಂಡದ್ದಕ್ಕಿಂತ ಜಾಸ್ತಿ ಅಂತರ್ಜಲ ನುಗ್ಗಿ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ಮೇಲಾಗಿ ಶಿರಸಿ ಕಡೆಯ ಗುಡ್ಡಗಳು ಅಷ್ಟು ಎತ್ತರವೂ ಇಲ್ಲ.

ವಿಜ್ಞಾನದ ಅಕ್ಕೋರು
ಸುರಂಗ ಬೇಡ, ನನಗೆ ಒಂದು ಡಬ್ಬಿ ಸಾಕು. ಶಾಲೆಯಲ್ಲಿ ಕ್ಲೌಡ್ ಚೇಂಬರ್ ಮಾಡಬೇಕು ಅಂತ ಎರಡು ವರ್ಷದಿಂದ ಆಸೆ. ಗಾಜಿನ ಪೆಟ್ಟಿಗೆ, ಐಸೋಪ್ರೊಪೈಲ್ ಆಲ್ಕೋಹಾಲ್, ಕಪ್ಪು ತಗಡು, ಟಾರ್ಚು ಎಲ್ಲ ಇದೆ. ಮ್ಯುವಾನ್ ಹೋದ ದಾರಿ ಬಿಳಿ ಗೆರೆಯಾಗಿ ಮಕ್ಕಳ ಕಣ್ಣಿಗೆ ಕಾಣುತ್ತದೆ. ತಡೆ ಒಂದೇ, ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್.

ಬೇಲೆಕೇರಿ ದೋಣಿ
ಐಸಿಗೆ ಏನು ಬರ ಅಕ್ಕೋರೇ? ಬಂದರಿನ ಐಸ್ ಪ್ಲಾಂಟಿನಿಂದ ಎಷ್ಟು ಬೇಕಾದರೂ ಕೊಡಿಸುತ್ತೇನೆ. ಉಪ್ಪು ಹಾಕಿದರೆ ಇನ್ನೂ ತಂಪು.

ಶರಾವತಿ ಬಾಲ
ಉಪ್ಪು ಹಾಕಿದರೂ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದರೆ ಹೆಚ್ಚು. ಇದಕ್ಕೆ ಅದು ಸಾಲದು. ಡ್ರೈ ಐಸ್ ಸೊನ್ನೆಗಿಂತ 78 ಡಿಗ್ರಿ ಕೆಳಗೆ.

ತೋಟದಮನೆ
ಹುಬ್ಬಳ್ಳಿಯಲ್ಲಿ ನಮ್ಮ ಭಾವ ಇದ್ದಾನೆ, ವಿಚಾರಿಸುತ್ತೇನೆ. ಸಿಕ್ಕರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಾರಿನಲ್ಲೇ ತಂದುಕೊಡುತ್ತೇನೆ.

ಶರಾವತಿ ಬಾಲ
ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ತುಂಬಿ ಸಿಡಿಯುತ್ತದೆ. ಕಾರಿನ ಕಿಟಕಿ ತೆರೆದಿಡಿ. ಬರಿಗೈಯಲ್ಲಿ ಮುಟ್ಟಬೇಡಿ.

ಕಾಳಿದಂಡೆ
ಅಕ್ಕೋರೇ, ಅಪ್ಪ ಕೇಳುತ್ತಿದ್ದಾರೆ, ಹೊರಗಿನವರು ಬಂದು ನೋಡಬಹುದಾ ಅಂತ.

ವಿಜ್ಞಾನದ ಅಕ್ಕೋರು
ಧಾರಾಳವಾಗಿ ಕರೆದುಕೊಂಡು ಬನ್ನಿ. ಡ್ರೈ ಐಸ್ ಬರುವ ದಿನ ಇಲ್ಲೇ ಹಾಕುತ್ತೇನೆ. ನ್ಯೂಟ್ರಿನೋ ಮಾತ್ರ ಕಾಣೋದಿಲ್ಲ ಅಂತ ಮೊದಲೇ ಹೇಳಿಬಿಡಿ, ಆಮೇಲೆ ಬೇಜಾರಾಗಬಾರದು.

ಕಾಳಿದಂಡೆ
ಹೇಳಿದೆ. ‘ಅದು ಗೊತ್ತಾಯ್ತು, ಉಳಿದದ್ದು ನೋಡೋಣ’ ಅಂದರು. ಬೆಳಿಗ್ಗೆ ಹೊರಟರೆ ಕಾರವಾರದಲ್ಲಿ ಬಸ್ಸು ಬದಲಿಸಿ ಕುಮಟಾಕ್ಕೆ ಎಷ್ಟು ಹೊತ್ತಿಗೆ ತಲುಪಬಹುದು?